ಸರ್ಕಾರಿ ವಕೀಲೆಯ ಮನೆಯ ಅಡುಗೆಯವಳು

ಫೆಬ್ರವರಿ ೪, ಗುರುವಾರ

ಇದು ವಕೀಲರ ಡೈರಿ. ಪ್ರತಿ ಪುಟದಲ್ಲೂ ಕೇಸಿನ ನಂಬರು, ಯಾರ ಮೇಲೆ ಯಾರು, ಮುಂದಿನ ತಾರೀಕು ಎಂದು ಗೆರೆ ಎಳೆದು ಮನೆ ಮಾಡಿದ್ದಾರೆ. ವಕೀಲಿ ಮಾಡುವ ನಮ್ಮ ಕಡ್ಡಿಗೆ ಯಾರೋ ಎರಡು ಕೊಟ್ಟರಂತೆ. ಒಂದನ್ನು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ದಿನಾ ಬೈಯೋದನ್ನೆಲ್ಲ ಇದರಲ್ಲಿ ಬೈದುಬಿಡು, ನಮ್ಮ ಕಿವಿ ಉಳಿಯುತ್ತೆ" ಎಂದಳು. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟಿದವಳಲ್ಲ. ನನ್ನ ಒತ್ತಕ್ಷರ ಕೆಲವೊಮ್ಮೆ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ. ಓದುವವರು ಯಾರೂ ಇಲ್ಲವಾದ್ದರಿಂದ ಎಲ್ಲಿ ಬೇಕಾದರೂ ಕೂರಲಿ.

ಮೊಮ್ಮಗಳಿಗೆ ಕಡ್ಡಿ ಎಂದು ಹೆಸರಿಟ್ಟವಳು ನಾನೇ. ಹುಟ್ಟಿದಾಗ ಹಾಗಿದ್ದಳು. ಮೂವತ್ತೊಂದು ವರ್ಷವಾದರೂ ಮೈ ಹತ್ತಲಿಲ್ಲ. ಇವತ್ತು ಕೋರ್ಟಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಸುದ್ದಿ ಹೇಳಿದಳು. ಕ್ರಿಮಿನಲ್ ಕೇಸು ನಡೆಸುವುದಕ್ಕೆ ಸರ್ಕಾರ ವಕೀಲರನ್ನು ತೆಗೆದುಕೊಳ್ಳುತ್ತದಂತೆ. ಅರವತ್ತು ಜಾಗ. ಏಳು ವರ್ಷ ವಕೀಲಿ ಮಾಡಿರಬೇಕು. ಇವಳದ್ದು ಏಳು ವರ್ಷ ಎರಡು ತಿಂಗಳು.

"ಇಷ್ಟು ವರ್ಷ ಜನರನ್ನ ಬಿಡಿಸ್ತಾ ಇದ್ದೆ. ಈಗ ಹಿಡಿದು ಒಳಗೆ ಹಾಕೋಕೆ ಹೊರಟ್ಯಾ?" ಎಂದೆ.

"ಹಿಡಿಯೋರು ಪೊಲೀಸರು, ಅಜ್ಜಿ. ಒಳಗೆ ಹಾಕೋರು ಜಡ್ಜು. ನಾನು ನಡುವೆ ನಿಂತು ಮಾತಾಡೋಳು."

"ಸರ್ಕಾರಿ ವಕೀಲ ಅಂದ್ರೆ ಕೈಕೋಳದ ತಮ್ಮ. ನನಗೆ ಗೊತ್ತು."

"ನಿನಗೆ ಹೇಗೆ ಗೊತ್ತು?"

ಹಾಲು ಉಕ್ಕಿತು ಎಂದು ಒಳಗೆ ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಹೇಗೆ ಗೊತ್ತು ಎಂದರೆ ಹೀಗೆ. ಬರೆದೇ ಬಿಡುತ್ತೇನೆ. ನಲವತ್ತೊಂಬತ್ತು ವರ್ಷದ ಹಿಂದೆ, ಬೇರೆ ಊರಿನಲ್ಲಿ, ಕಳ್ಳಿ ಎಂದು ಕಟಕಟೆಯಲ್ಲಿ ನಿಂತವಳು ನಾನು. ಬಿತ್ತನೆ ಬೀಜದ ಗೋದಾಮಿನಲ್ಲಿ ಕಾಳು ಆರಿಸುವ ಕೆಲಸ. ಆರು ಚೀಲ ಬೀಜ ಹೋಯಿತು, ಇವಳೇ ಸಾಗಿಸಿದಳು ಎಂದು ಅಲ್ಲಿನ ಮೇಸ್ತ್ರಿ ದೂರು ಕೊಟ್ಟ. ಹನ್ನೊಂದು ತಿಂಗಳು ಅಲೆದೆ. ಕೊನೆಗೆ ನಮ್ಮ ವಕೀಲರು ಬಿಡಿಸಿಕೊಟ್ಟರು. ಆ ಪುಣ್ಯಾತ್ಮರು ಇರುವ ತನಕ, ಇಪ್ಪತ್ತಾರು ವರ್ಷ, ನನ್ನ ಹಿತ್ತಲಿನ ಮೊದಲ ಕುಂಬಳಕಾಯಿ ಅವರ ಮನೆಗೇ ಹೋಯಿತು. ಕೋರ್ಟು ಬಿಟ್ಟರೂ ಊರಿನ ಬಾಯಿ ಬಿಡಲಿಲ್ಲ. ನಾವು ಊರನ್ನೇ ಬಿಟ್ಟೆವು, ಕುಂಬಳಕಾಯಿ ಮಾತ್ರ ಬಸ್ಸಿನಲ್ಲಿ ಹೋಗುತ್ತಿತ್ತು. ಮಗನಿಗೆ ಆಗ ಮೂರು ವರ್ಷ, ಅವನಿಗೆ ನೆನಪಿಲ್ಲ. ಗೊತ್ತಿದ್ದವರು ನನ್ನ ಗಂಡ ಒಬ್ಬರೇ, ಅವರೂ ಹೋದರು. ಈಗ ಆ ಕೇಸಿಗೆ ನಾನೊಬ್ಬಳೇ ವಾರಸುದಾರಳು.

ಫೆಬ್ರವರಿ ೧೩, ಶನಿವಾರ

ಅರ್ಜಿ ತುಂಬಿದಳು. ಹದಿನಾಲ್ಕು ಪುಟ. ನನ್ನ ಮಗನ ಮದುವೆಗೂ ಇಷ್ಟು ಕಾಗದ ಆಗಿರಲಿಲ್ಲ. ಇವಳು ನಡೆಸಿದ ಐವತ್ತು ಕೇಸುಗಳ ಪಟ್ಟಿ ಕೊಡಬೇಕು, ಒಂದೊಂದಕ್ಕೂ ನಂಬರು ಬೇಕು, ಕೆಳಗೆ ಇವಳ ಹಿರಿಯ ವಕೀಲರ ರುಜು ಬೇಕು.

"ಗೆದ್ದಿದ್ದನ್ನ ಮಾತ್ರ ಬರಿ" ಎಂದೆ.

"ಸೋತಿದ್ದನ್ನೂ ಬರೀಬೇಕು."

"ಸೋತಿದ್ದನ್ನ ಬರೆದುಕೊಟ್ಟು ಕೆಲಸ ಕೇಳೋ ಜಾಗ ಇದೊಂದೇ ಇರಬೇಕು."

ಆಮೇಲೆ ಮನೆಯಲ್ಲಿ ಇರುವವರು ಯಾರು ಎಂಬ ಪುಟ. ತಂದೆ, ಲಾರಿ ಚಾಲಕ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ. ತಾಯಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ಅಜ್ಜಿ, ಜೊತೆಯಲ್ಲಿ ವಾಸ. ಅದರ ಕೆಳಗೆ ಒಂದು ಸಾಲು: ಮನೆಯವರಲ್ಲಿ ಯಾರ ಮೇಲಾದರೂ ಹಿಂದೆ ಅಪರಾಧದ ಕೇಸು ಇತ್ತೇ? ಕಡ್ಡಿ ತಲೆಯನ್ನೂ ಎತ್ತದೆ 'ಇಲ್ಲ' ಎಂದು ಬರೆದು ಪುಟ ಮಗುಚಿದಳು. ನಾನು ಪಕ್ಕದಲ್ಲೇ ಅವರೆಕಾಳು ಬಿಡಿಸುತ್ತಾ ಕೂತಿದ್ದೆ. ಬಾಯಿ ತೆರೆದೆ. ತೆರೆದ ಬಾಯಿಂದ, "ಕತ್ತು ನೋಯುತ್ತೆ, ಸರಿಯಾಗಿ ಕೂತ್ಕೋ" ಎಂಬ ಮಾತು ಬಂತು.

ಮಾರ್ಚ್ ೭, ಭಾನುವಾರ

ಪರೀಕ್ಷೆಗೆ ಓದುತ್ತಿದ್ದಾಳೆ. ಗೋಡೆಗೆ ಹೇಳಿ ಹೇಳಿ ಬೇಸರ ಬಂದು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಸಾಕ್ಷಿ ಮಾಡಿದಳು. ಸೈಕಲ್ ಕಳವಿನ ಕೇಸು. ನಾನು ಕಣ್ಣಾರೆ ಕಂಡವಳು.

"ಸಾಕ್ಷಿದಾರರೇ, ಆರೋಪಿಯನ್ನ ಎಲ್ಲಿ ನೋಡಿದಿರಿ?"

"ಅಂಗಡಿ ಮುಂದೆ. ಮೂತಿ ನೋಡಿದ್ರೇ ಕಳ್ಳ ಅಂತ ಗೊತ್ತಾಗುತ್ತೆ."

"ಮೂತಿ ವಿಚಾರ ಬೇಡ. ನೋಡಿದ್ದಷ್ಟೇ ಹೇಳಿ."

"ಮೂತಿಯನ್ನೇ ಅಲ್ವಾ ನೋಡಿದ್ದು? ಬೆನ್ನು ನೋಡೋಕೆ ನಾನೇನು ದರ್ಜಿಯಾ?"

ಸೊಸೆ ಮಡಚುತ್ತಿದ್ದ ಬಟ್ಟೆಯೆಲ್ಲ ಕೆಳಗೆ ಹಾಕಿ ನಕ್ಕಳು. ಕಡ್ಡಿ ನಗಲಿಲ್ಲ. ಸರ್ಕಾರಿ ವಕೀಲರು ತಮ್ಮ ಸಾಕ್ಷಿಯ ಬಾಯಿಗೆ ಉತ್ತರ ತುರುಕುವ ಹಾಗಿಲ್ಲವಂತೆ. 'ಅವನು ಕೆಂಪು ಅಂಗಿ ಹಾಕಿದ್ದನಲ್ಲವೇ' ಎಂದು ಕೇಳಬಾರದು, 'ಏನು ಹಾಕಿದ್ದ' ಎಂದೇ ಕೇಳಬೇಕು. ಇದು ನನಗೆ ಗೊತ್ತಿರಲಿಲ್ಲ. ಅವರೆಲ್ಲ ಹೇಳಿಕೊಟ್ಟೇ ಹೇಳಿಸುತ್ತಾರೆ ಅಂದುಕೊಂಡಿದ್ದೆ.

ನಾಳೆ ಆರೋಪಿಯ ಪಾತ್ರ ಮಾಡು ಎಂದಳು. ಅದು ಮಾತ್ರ ನನ್ನಿಂದಾಗದು ಎಂದೆ.

ಮಾರ್ಚ್ ೨೯, ಸೋಮವಾರ

ಕಡ್ಡಿ ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡುವ ನೆಪದಲ್ಲಿ ಕೋರ್ಟಿಗೆ ಹೋದೆ. ಇಷ್ಟು ವರ್ಷ ಆ ಕಟ್ಟಡದ ಎದುರಿನ ಬೀದಿಯಲ್ಲಿ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದವಳು ನಾನು.

ಅಲ್ಲಿನ ಸರ್ಕಾರಿ ವಕೀಲರನ್ನು ನೋಡಿದೆ. ಒಬ್ಬನೇ ಮನುಷ್ಯ, ಮೂರು ಕೋರ್ಟು. ಎದೆಯ ತನಕ ಫೈಲು. ಒಂದು ಕೋರ್ಟಿನ ಜವಾನ ಕೂಗುತ್ತಿದ್ದಾಗಲೇ ಇನ್ನೊಂದರ ಬಾಗಿಲಲ್ಲಿ ನಿಂತು ಮೂರನೆಯದರ ಕಾಗದ ಓದುತ್ತಿದ್ದರು. ಬೆಂಚಿನ ಮೇಲೆ ಒಬ್ಬ ಹೆಂಗಸು ಬೆಳಗಿನಿಂದ ಸಾಕ್ಷಿ ಹೇಳಲು ಕಾದಿದ್ದಳು. ಅವಳನ್ನು ಕರೆಯುತ್ತಾರೋ ಇಲ್ಲವೋ ಎಂದು ಹೇಳುವ ಒಂದು ಪ್ರಾಣಿಯೂ ಅಲ್ಲಿರಲಿಲ್ಲ. ನಾನೇ ಒಳಗೆ ಹೋಗಿ ಜವಾನನನ್ನು ಕೇಳಿ ಬಂದೆ. ಮುಂದಿನ ತಿಂಗಳಿಗೆ ಹೋಗಿತ್ತು. ಅವಳಿಗೆ ಹೇಳಿದಾಗ ನನ್ನ ಕೈ ಹಿಡಿದುಕೊಂಡು ಎದ್ದಳು. ಕೂಲಿ ಬಿಟ್ಟು ಬಂದವಳು.

ಆ ಮನುಷ್ಯನಿಗೆ ಬೈಯಬೇಕು ಎಂದು ಬಾಯಿ ತುರಿಸಿತು. ಆದರೆ ಅವನಿಗೂ ಇರುವುದು ಎರಡೇ ಕೈ. ಅರವತ್ತು ಜನ ಸಾಲುವುದಿಲ್ಲ, ನೂರಿಪ್ಪತ್ತು ತೆಗೆದುಕೊಳ್ಳಬೇಕು.

ಏಪ್ರಿಲ್ ೨೫, ಭಾನುವಾರ

ಪರೀಕ್ಷೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಸೊಸೆ ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ದಿನವಿಡೀ ನಿಂತಿದ್ದಳು. ನಿಂತರೆ ಒಳಗೆ ಇವಳ ಪೆನ್ನು ಓಡುತ್ತದೆಯೇ? ನಾನು ಮನೆಯಲ್ಲೇ ಇದ್ದೆ. ಏನೂ ತಿನ್ನಲಿಲ್ಲ. ಹಸಿವಿರಲಿಲ್ಲ, ಅಷ್ಟೆ.

ಜೂನ್ ೧೬, ಬುಧವಾರ

ಬರೆದದ್ದರಲ್ಲಿ ಪಾಸಾಗಿ ಇವತ್ತು ಸಂದರ್ಶನ. ಕಪ್ಪು ಕೋಟಿಗೆ ನಾನೇ ಇಸ್ತ್ರಿ ಹಾಕಿದೆ. ತೋಳಿನ ಅಂಚು ಸವೆದಿದ್ದಲ್ಲಿ ಒಳಗಿನಿಂದ ಹೊಲಿದೆ. ಗಾಜಿನ ಮೇಜಿನ ಹಿಂದೆ ಐದು ಜನ ಕೂತಿದ್ದರಂತೆ.

"ಏನು ಕೇಳಿದ್ರು?"

"ಏಳು ವರ್ಷ ಆರೋಪಿಗಳ ಪರ ಇದ್ದೀರಿ, ಈಗ ಆ ಕಡೆ ನಿಂತ್ಕೊಂಡ್ರೆ ನಾಲಿಗೆ ಹೊರಳುತ್ತಾ ಅಂತ ಕೇಳಿದ್ರು."

"ನಮ್ಮ ಮನೆ ನಾಲಿಗೆ, ಯಾವ ಕಡೆ ಬೇಕಾದ್ರೂ ಹೊರಳುತ್ತೆ ಅನ್ಬೇಕಿತ್ತು."

"ಎರಡೂ ಕಡೆ ಓದಬೇಕಾದ ಕಾಗದ ಒಂದೇ ಅಂದೆ."

ಕೊನೆಗೆ ಒಬ್ಬರು, ನಿಮಗೆ ಮನೆಯಲ್ಲಿ ಓದಲು ಸಹಾಯ ಮಾಡಿದವರು ಯಾರು ಎಂದು ಕೇಳಿದರಂತೆ. ಇವಳು 'ನನ್ನ ಅಜ್ಜಿ' ಎಂದಳಂತೆ. ಹೇಳುವುದಕ್ಕೆ ಬೇರೆ ಯಾರೂ ಸಿಗಲಿಲ್ಲವೇ ಎಂದು ಬೈದೆ. ಬೈದು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದೆ.

ಜುಲೈ ೯, ಶುಕ್ರವಾರ

ಪಟ್ಟಿ ಬಂತು. ಅರವತ್ತರಲ್ಲಿ ನಮ್ಮದು ನಲವತ್ತೊಂದನೆಯದು!

ಮಗ ಯಾವುದೋ ದೂರದ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಫೋನಿನಲ್ಲಿ ಅತ್ತ. ಹಿಂದಿನ ಗಾಡಿಗಳ ಹಾರ್ನು ನನಗೂ ಕೇಳಿಸುತ್ತಿತ್ತು. "ಮೊದಲು ಪಕ್ಕಕ್ಕೆ ಹಾಕೋ, ಆಮೇಲೆ ಅಳು" ಎಂದೆ. ಕೆಳಗಿನ ಮನೆಯವರು, ಮೂಲೆ ಅಂಗಡಿಯವನು, ಇವಳ ಹಿರಿಯ ವಕೀಲರು, ಎಲ್ಲರೂ ಬಂದರು. ಎಲ್ಲರಿಗೂ ಒಳ್ಳೆಯದಾಗಲಿ. ಅಂಗಡಿಯವನಿಗೂ ಆಗಲಿ, ಅವನ ಬೆಲ್ಲದಲ್ಲಿ ಮರಳಿದ್ದರೂ.

ಎಲ್ಲರೂ ಹೋದ ಮೇಲೆ ಕಡ್ಡಿ ಹೇಳಿದಳು, "ಇನ್ನೇನಿಲ್ಲ ಅಜ್ಜಿ, ಪೊಲೀಸ್ ಪರಿಶೀಲನೆ ಒಂದು ಬಾಕಿ. ಮನೆಗೆ ಬಂದು ವಿಚಾರಿಸ್ತಾರೆ. ಸುಮ್ನೆ ಶಾಸ್ತ್ರ."

ಅವಳಿಗೆ ಶಾಸ್ತ್ರ.

ಜುಲೈ ೨೨, ಗುರುವಾರ

ಕಾನ್‌ಸ್ಟೆಬಲ್ ಬಂದ. ಮೊದಲು ಹೊಟ್ಟೆ ಬಂತು, ಹಿಂದೆ ಅವನು. ಮನೆಯಲ್ಲಿ ನಾನೊಬ್ಬಳೇ.

ಹದಿನೈದು ದಿನ ಯೋಚಿಸಿ ಇಟ್ಟಿದ್ದೆ. ನಾನು ಅಜ್ಜಿ ಎಂದರೆ ಹೆಸರು ಕೇಳುತ್ತಾನೆ, ಹಿಂದೆ ಯಾವ ಊರು ಎಂದು ಕೇಳುತ್ತಾನೆ, ಆ ಊರಿನ ಠಾಣೆಗೆ ಬರೆಯುತ್ತಾನೆ, ಅಲ್ಲಿ ಹಳೆಯ ಪುಸ್ತಕ ತೆರೆಯುತ್ತದೆ. ಅಜ್ಜಿಯೇ ಇಲ್ಲದಿದ್ದರೆ ಪುಸ್ತಕವೂ ಇಲ್ಲ.

"ನೀವು ಯಾರಮ್ಮಾ?"

"ಅಡುಗೆಯವಳು."

"ಈ ಫಾರಂನಲ್ಲಿ ಅಜ್ಜಿ ಅಂತ ಒಬ್ಬರಿದ್ದಾರಲ್ಲ?"

"ಯಾವ ಅಜ್ಜಿ? ಅವರು ಇಲ್ಲಿ ಇರೋದಿಲ್ಲ. ಇದ್ದಿದ್ದೇ ಇಲ್ಲ."

"ಜೊತೆಯಲ್ಲಿ ವಾಸ ಅಂತ ಬರೆದಿದ್ದಾರೆ."

"ಪಾಪ, ಹುಡುಗಿಗೆ ಆಸೆ. ಆ ಮುದುಕಿ ಮಹಾ ಬಾಯಿಬಡುಕಿ, ಯಾರ ಜೊತೆಗೂ ಹೊಂದ್ಕೊಳ್ಳೋದಿಲ್ಲ."

"ನೀವು ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?"

"ಮೂವತ್ತೊಂದು. ಹುಡುಗಿ ಹುಟ್ಟಿದ ದಿನವೇ ಸೇರ್ಕೊಂಡೆ."

ಗೋಡೆಯ ಮೇಲಿನ ಫೋಟೋ ನೋಡಿದ. ಅದರಲ್ಲಿ ನಾನು ನಟ್ಟ ನಡುವೆ ಕುರ್ಚಿಯ ಮೇಲೆ ಕೂತಿದ್ದೇನೆ, ಉಳಿದವರು ಸುತ್ತ ನಿಂತಿದ್ದಾರೆ.

"ನೀವೂ ಇದ್ದೀರಲ್ಲ?"

"ಒಳ್ಳೇ ಜನ ಸಾರ್. ಅಡುಗೆಯವಳನ್ನೂ ಫೋಟೋಕ್ಕೆ ಕೂರಿಸ್ತಾರೆ."

ಚಹಾ ಕೊಟ್ಟೆ. ಕುಡಿದ. ಹುಡುಗಿ ಹೇಗೆ ಎಂದು ಕೇಳಿದ. ಅರ್ಧ ಗಂಟೆ ಹೇಳಿದೆ. ಅವನು ಒಂದು ಸಾಲು ಬರೆದುಕೊಂಡ. ಹೋಗುವಾಗ ಚಹಾ ಚೆನ್ನಾಗಿತ್ತು, ನಿಮ್ಮಂಥ ಅಡುಗೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದ.

ಈ ವಯಸ್ಸಿನಲ್ಲೂ ತಲೆ ಇಷ್ಟು ಚುರುಕಾಗಿದೆಯಲ್ಲ. ದೇವರು ದೊಡ್ಡವನು.

ಆಗಸ್ಟ್ ೧೦, ಮಂಗಳವಾರ

ಸರ್ಕಾರದ ಕಾಗದ ಬಂತು. ಕಡ್ಡಿ ನಿಂತುಕೊಂಡೇ ಓದಿದಳು, ಆಮೇಲೆ ಕೂತು ಓದಿದಳು. ಅರ್ಜಿದಾರರು ಜೊತೆಯಲ್ಲಿ ವಾಸವಿರುವುದಾಗಿ ತೋರಿಸಿದ ಅಜ್ಜಿ ಎಂಬುವರು ಆ ಮನೆಯಲ್ಲಿ ಎಂದೂ ವಾಸವಿದ್ದಿಲ್ಲವೆಂದು ಮನೆಯ ಅಡುಗೆಯವರ ಹೇಳಿಕೆಯಿಂದ ತಿಳಿದುಬಂದಿದೆ. ಸುಳ್ಳು ಮಾಹಿತಿ ನೀಡಿದ ಕಾರಣಕ್ಕೆ ಆಯ್ಕೆಯನ್ನು ಏಕೆ ರದ್ದು ಮಾಡಬಾರದು, ಹದಿನೈದು ದಿನದಲ್ಲಿ ಖುದ್ದಾಗಿ ಬಂದು ವಿವರಣೆ ಕೊಡಿ.

"ಅಡುಗೆಯವರಾ? ನಮ್ಮ ಮನೆಗೆ ಯಾವ ಅಡುಗೆಯವರು?" ಎಂದು ಕಡ್ಡಿ ಅಮ್ಮನ ಮುಖ ನೋಡಿದಳು. ಸೊಸೆ ನನ್ನ ಮುಖ ನೋಡಿದಳು. ನಾನು ಕಾಗದದ ಮೇಲಿನ ಮೊಹರು ನೋಡಿದೆ.

ಆಗಸ್ಟ್ ೧೧, ಬುಧವಾರ

ಅನ್ನ ತಳ ಹಿಡಿಯಿತು.

ಆಗಸ್ಟ್ ೧೨, ಗುರುವಾರ

ಹೇಳಿಬಿಟ್ಟೆ.

ಹೇಳುವ ಧೈರ್ಯವೇನೂ ಬಂದಿರಲಿಲ್ಲ. ಕಡ್ಡಿ ಉತ್ತರ ಬರೆಯುತ್ತಿದ್ದಳು. ಕಾನ್‌ಸ್ಟೆಬಲ್ ನಮ್ಮ ಮನೆಗೆ ಬಂದೇ ಇಲ್ಲ, ಎಲ್ಲೋ ಕೂತು ವರದಿ ಬರೆದಿದ್ದಾನೆ, ಅವನ ಮೇಲೆ ಕ್ರಮ ಕೈಗೊಳ್ಳಬೇಕು ಎಂದು ಅಮ್ಮನಿಗೆ ಓದಿ ಹೇಳಿದಳು. ಆ ಹೊಟ್ಟೆಯ ಮನುಷ್ಯ ನಮ್ಮ ಮೂರು ಮಹಡಿ ಏದುಸಿರು ಬಿಡುತ್ತಾ ಹತ್ತಿ ಬಂದವನು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಹೋದವನು. ಮಾಡದ ತಪ್ಪಿಗೆ ಹೆಸರು ಕೆಟ್ಟರೆ ಹೇಗಿರುತ್ತದೆ ಎಂದು ಈ ಮನೆಯಲ್ಲಿ ಗೊತ್ತಿರುವವಳು ನಾನೊಬ್ಬಳೇ.

"ಅವನು ಬಂದಿದ್ದ. ಅಡುಗೆಯವಳು ನಾನೇ" ಎಂದೆ.

ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಗೋದಾಮು, ಮೇಸ್ತ್ರಿ, ಕಟಕಟೆ, ಊರು ಬಿಟ್ಟದ್ದು, ಫಾರಂನ 'ಇಲ್ಲ', ಎಲ್ಲ ಹೇಳಿದೆ. ಸೊಸೆ ನನ್ನ ಪಕ್ಕ ಬಂದು ಕೂತಳು. "ಅತ್ತೆ, ಇಷ್ಟು ವರ್ಷ ಇದನ್ನ ಒಬ್ಬರೇ ಹೊತ್ಕೊಂಡು ತಿರುಗಿದ್ರಾ? ನನ್ನ ಹತ್ರ ಹೇಳಬಾರದಿತ್ತಾ? ದಿನಾ ಆಸ್ಪತ್ರೆಯ ಕೊಳೆ ನೋಡೋಳು ನಾನು, ಇದಕ್ಕೆ ಹೆದರ್ತಿದ್ನಾ?" ಎಂದಳು. ಮಾತು ಸ್ವಲ್ಪ ಒರಟು. ಆದರೆ ಇಂಥ ಸೊಸೆ ಸಿಗುವುದಕ್ಕೆ ನಾನು ಏನು ಮಾಡಿದ್ದೆನೋ ಗೊತ್ತಿಲ್ಲ.

ಕಡ್ಡಿ ಕೇಳಿದ್ದು ಒಂದೇ ಮಾತು. "ಬೀಜ ತಗೊಂಡಿದ್ಯಾ ಅಜ್ಜಿ?"

"ಇಲ್ಲ."

"ಸರಿ."

ನನ್ನ ಗಂಡನೂ ಎರಡು ಸಲ ಕೇಳಿದ್ದರು. ಇವಳು ಒಂದೇ ಸಲ ಕೇಳಿ, ಬರೆದಿದ್ದ ಉತ್ತರ ಹರಿದು ಹಾಕಿದಳು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಚಿಕ್ಕವಳ ಹಾಗೆ ಅತ್ತಳು.

"ಕೆಲಸ ಹೋಗುತ್ತೆ ಅಂತ ಅಳ್ತೀಯಾ?"

"ಅಲ್ಲ. ನನ್ನ ಅಜ್ಜಿ ಇಲ್ಲವೇ ಇಲ್ಲ ಅಂತ ಹೇಳಿ ಕಳಿಸ್ಬಿಟ್ಯಲ್ಲ."

ಕೆಲಸವೂ ಹೋಗಬಹುದು. ಅವರ ಲೆಕ್ಕದಲ್ಲಿ ಎರಡು ಸುಳ್ಳು, ಅಜ್ಜಿ ಜೊತೆಯಲ್ಲಿದ್ದಾಳೆ ಎಂದದ್ದು ಒಂದು, ಕೇಸು ಇಲ್ಲ ಎಂದದ್ದು ಇನ್ನೊಂದು; ಎರಡರ ಕೆಳಗೂ ಇವಳ ರುಜು. ಕೇಸು ಹೇಗೆ ಮುಗಿಯಿತು ಎಂಬ ಕಾಗದ ತಂದು ತೋರಿಸಿದರೆ ಒಂದು ದಾರಿ ಇದೆಯಂತೆ.

ಆಗಸ್ಟ್ ೧೮, ಬುಧವಾರ

ಆ ಊರಿಗೆ ಹೋಗಿ ಬಂದೆವು. ಬಸ್ಸಿನಲ್ಲಿ ಮೂರೂವರೆ ಗಂಟೆ. ಗೋದಾಮು ಇದ್ದಲ್ಲಿ ಈಗ ಟೈರಿನ ಅಂಗಡಿ. ಕೋರ್ಟಿಗೆ ಮಾತ್ರ ಅದೇ ಮೆಟ್ಟಿಲು.

ಹಳೆಯ ಕಾಗದದ ಕೋಣೆ ನೋಡಿಕೊಳ್ಳುವ ಹೆಂಗಸು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು. "ನಲವತ್ತೊಂಬತ್ತು ವರ್ಷವಾ? ಫೈಲು ಸುಟ್ಟಿರ್ತಾರೆ. ಕೊನೇ ಆದೇಶ ಮಾತ್ರ ಇಟ್ಟಿರ್ತಾರೆ, ಇಲಿ ಬಿಟ್ಟಿದ್ರೆ" ಎಂದಳು. ಹೀಗೆಂದವಳು ಏಣಿ ಹತ್ತಿ ಎರಡು ಗಂಟೆ ಹುಡುಕಿದಳು. ಅವಳಿಗೇನು ಬಿದ್ದಿತ್ತು? ಕೊನೆಯ ಆದೇಶ, ಅದಕ್ಕೆ ಹೊಲಿದಿದ್ದ ಒಂದು ಅರ್ಜಿ, ಒಟ್ಟು ಮೂರು ಹಾಳೆ ತಂದು ಕೊಟ್ಟಳು. ಅವಳ ಕಣ್ಣಿನ ತುಂಬ ದೂಳು. ನನ್ನ ಸೆರಗಿನಲ್ಲಿ ಒರೆಸಿದೆ.

ಕಡ್ಡಿ ಓದಿದಳು. ಒಮ್ಮೆ ತನಗೆ, ಇನ್ನೊಮ್ಮೆ ನನಗೆ. ಎರಡನೆಯ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ನಾನು ಆ ಸಾಲುಗಳನ್ನು ಹಾಗೆಯೇ ಇಲ್ಲಿ ಇಳಿಸಿಕೊಂಡಿದ್ದೇನೆ.

'ಚೀಲಗಳು ಹೋದವೆಂದು ಫಿರ್ಯಾದಿಯು ಹೇಳುವ ಎರಡು ದಿನಗಳಲ್ಲಿಯೂ ಗೋದಾಮಿಗೆ ತೂಕದ ಇಲಾಖೆಯವರು ಬೀಗ ಹಾಕಿ ಮೊಹರು ಮಾಡಿದ್ದರೆಂಬುದನ್ನು ನಾನು ಖುದ್ದಾಗಿ ಹೋಗಿ ದಾಖಲೆ ನೋಡಿ ತಿಳಿದಿರುತ್ತೇನೆ. ಈ ಹೆಣ್ಣುಮಗಳ ಮೇಲಿನ ಕೇಸನ್ನು ಮುಂದುವರಿಸುವುದು ನನ್ನಿಂದ ಆಗದು. ಹಿಂತೆಗೆದುಕೊಳ್ಳಲು ಅನುಮತಿ ಬೇಡುತ್ತೇನೆ.'

ಕೆಳಗೆ ರುಜು. ಸರ್ಕಾರಿ ವಕೀಲರು.

ಅದರ ಕೆಳಗೆ ಗುಮಾಸ್ತರ ಕೈಬರಹದಲ್ಲಿ ಒಂದು ಸಾಲು: ಆರೋಪಿ ಪರ ವಕೀಲರು ಗೈರುಹಾಜರು.

ಗೈರುಹಾಜರು! ಕೋರ್ಟು ಮುಗಿದ ಮೇಲೆ ನಮ್ಮ ವಕೀಲರು ಹೊರಗೆ ಸಿಕ್ಕಿ, "ನೋಡಮ್ಮಾ, ಬಿಡಿಸಿಕೊಟ್ಟೆ" ಎಂದರಲ್ಲ! ಅಂದು ನನಗೆ ಏನು ಅರ್ಥವಾಗಿತ್ತು? ಅವರ ಕಾಗದದ ಭಾಷೆ ನನಗೆ ತಿಳಿಯದು. ಕಟಕಟೆಯಲ್ಲಿ ನಿಂತವಳಿಗೆ ಕಂಡದ್ದು ನನ್ನ ಕಾಲಿನ ಹೆಬ್ಬೆರಳು ಒಂದೇ. ಹೋಗಮ್ಮ ಎಂದರು, ಬಂದೆ. ಇಪ್ಪತ್ತಾರು ಕುಂಬಳಕಾಯಿ! ಒಂದೊಂದೂ ನನ್ನ ತಲೆಯಷ್ಟು ದಪ್ಪ! ಆ ಮಹಾರಾಯ ಒಂದನ್ನಾದರೂ ಬೇಡ ಎನ್ನಲಿಲ್ಲವಲ್ಲ. ಆ ಕೋಣೆಯಲ್ಲಿ ನಾನು ಎಷ್ಟು ನಕ್ಕೆನೆಂದರೆ ಮೂಗಿಗೆ ಬಟ್ಟೆ ಕಟ್ಟಿದವಳು ನೀರು ತಂದುಕೊಟ್ಟಳು.

ಬಸ್ಸಿನಲ್ಲಿ ಬರುವಾಗ ನಗು ಹೋಯಿತು. ಆ ದಿನ ಬೆಳಿಗ್ಗೆ ನಡೆದದ್ದು ನೆನಪಾಯಿತು. ಕೋರ್ಟಿನ ಪಡಸಾಲೆಯಲ್ಲಿ ಸರ್ಕಾರಿ ವಕೀಲರು ಎದುರಾದರು. ಸಣಕಲು ಮನುಷ್ಯ. ಇವನೇ ಅಲ್ಲವೇ ನನ್ನನ್ನು ಒಳಗೆ ಹಾಕಿಸುವವನು ಎಂದು ಅಡ್ಡ ನಿಂತು, ನಿನ್ನ ಮಕ್ಕಳು ಅನ್ನ ಅನ್ನ ಅಂತ ಬೀದಿಯಲ್ಲಿ ನಿಲ್ಲಲಿ ಎಂದು ಎಲ್ಲರೆದುರು ಶಾಪ ಹಾಕಿದ್ದೆ. "ದಾರಿ ಬಿಡಮ್ಮ, ತಡವಾಗುತ್ತೆ" ಎಂದಷ್ಟೇ ಹೇಳಿ ಒಳಗೆ ಹೋದರು. ಕಂಕುಳಲ್ಲಿ ಕಾಗದ ಇಟ್ಟುಕೊಂಡಿದ್ದರು. ಈ ಕಾಗದವೇ ಇರಬೇಕು.

ಅವರು ಈಗ ಇದ್ದಾರೆಯೇ ಎಂದು ಕೋರ್ಟಿನ ಹೊರಗೆ ಕೂರುವ ಮುದಿ ಟೈಪಿಸ್ಟನನ್ನು ಕೇಳಿದ್ದೆವು. ತೀರಿಹೋಗಿ ಬಹಳ ಕಾಲವಾಯಿತಂತೆ. ಮನೆಯವರು ಎಲ್ಲಿಗೆ ಹೋದರೋ ತಿಳಿಯದು.

ಆಗಸ್ಟ್ ೨೪, ಮಂಗಳವಾರ

ವ್ಯಾಜ್ಯ ಇಲಾಖೆಯ ದೊಡ್ಡ ಕಚೇರಿ. ಸರ್ಕಾರಿ ವಕೀಲರಿಗೆಲ್ಲ ಮೇಲಿನವರು ಒಬ್ಬ ಹೆಂಗಸು. ತಲೆ ಪೂರ್ತಿ ಬಿಳಿ, ಮಾತಿನ ನಡುವೆ ಕೆಮ್ಮು. ಕಾನ್‌ಸ್ಟೆಬಲ್ಲನನ್ನೂ ಕರೆಸಿದ್ದರು. ನನ್ನನ್ನು ಕಂಡವನೇ, "ಅಡುಗೆಯಮ್ಮ!" ಎಂದ.

"ನೀವು ಅಡುಗೆಯವರಾ, ಅಜ್ಜಿಯಾ?" ಎಂದು ಮೇಡಂ ಕೇಳಿದರು.

"ಅಡುಗೆ ಮಾಡೋದೂ ನಿಜ, ಅಜ್ಜಿ ಅನ್ನೋದೂ ನಿಜ. ಎರಡನೇದನ್ನ ಮುಚ್ಚಿಟ್ಟೆ."

"ಸುಳ್ಳು ಹೇಳಿಕೆ ಕೊಡೋದು ಅಪರಾಧ ಅಂತ ಗೊತ್ತಾ?"

"ಗೊತ್ತು ತಾಯಿ. ನನ್ನ ಮೇಲೆ ಕೇಸು ಹಾಕಿ, ಕಟಕಟೆ ನನಗೆ ಹೊಸದಲ್ಲ. ಈ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಇವರನ್ನೂ ಬೈಬೇಡಿ, ಕೇಳಿದ್ದನ್ನ ಕೇಳಿದ ಹಾಗೇ ಬರೆದಿದ್ದಾರೆ. ಇಂಥ ಸಾಕ್ಷಿ ನಮಗೆ ಸಿಗೋದು ಕಷ್ಟ."

ಅವರ ಕೆಮ್ಮು ನಿಂತಿತು. "ನಮಗೆ ಅಂದ್ರೆ?" ಎಂದರು.

"ನಮಗೇ, ಸರ್ಕಾರಿ ವಕೀಲರಿಗೆ" ಎಂದೆ. ಇದರಲ್ಲಿ ಕೇಳುವುದೇನಿದೆಯೋ.

ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಶಾಪ ಹಾಕಿದ್ದನ್ನೂ ಬಿಡಲಿಲ್ಲ. ಮೂರು ಹಾಳೆಗಳನ್ನು ಅವರು ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನಿಮ್ಮ ಮೊಮ್ಮಗಳ ವಿಷಯ ಮೇಲಕ್ಕೆ ಬರೆಯುತ್ತೇನೆ, ತೀರ್ಮಾನ ನನ್ನೊಬ್ಬಳದ್ದಲ್ಲ ಎಂದರು. ನಾವು ಎದ್ದಾಗ, "ಇದರ ಒಂದು ನಕಲು ನಾನು ಇಟ್ಕೊಳ್ಳಲಾ? ಹೊಸದಾಗಿ ಸೇರೋರಿಗೆ ಓದಿ ಹೇಳ್ತೀನಿ" ಎಂದು ಕೇಳಿದರು.

ಅಷ್ಟು ದೊಡ್ಡವರು ನನ್ನನ್ನು ಕೇಳಿದರು. ಇಟ್ಟುಕೊಳ್ಳಿ ತಾಯಿ ಎಂದೆ.

ಸೆಪ್ಟೆಂಬರ್ ೧೫, ಬುಧವಾರ

ಆದೇಶ ಬಂತು. ಕೆಲಸ ಉಳಿಯಿತು. ಮುಂದಿನ ತಿಂಗಳ ನಾಲ್ಕಕ್ಕೆ ಸೇರಬೇಕು, ಕೋರ್ಟು ಇಲ್ಲಿಂದ ಒಂದು ಗಂಟೆಯ ದಾರಿ.

ಆ ಮೇಡಂ, ಏಣಿ ಹತ್ತಿದ ಹೆಂಗಸು, ಹೊಟ್ಟೆಯ ಕಾನ್‌ಸ್ಟೆಬಲ್, ನನ್ನ ಸೊಸೆ. ನಾನು ಯಾವತ್ತು ಯಾರಿಗೆ ಏನು ಮಾಡಿದ್ದೆ? ಇವರೆಲ್ಲ ನನಗೆ ಯಾಕೆ ಇಷ್ಟು ಮಾಡಿದರು? ಬರೆಯುತ್ತಾ ಕೂತರೆ ಅಕ್ಷರ ಕಾಣಿಸುತ್ತಿಲ್ಲ. ಕನ್ನಡಕ ಬದಲಾಯಿಸಬೇಕು.

ಅಕ್ಟೋಬರ್ ೪, ಸೋಮವಾರ

ಮೊದಲ ದಿನ. ಸಂಜೆ ಆರಕ್ಕೆ ಬಂದಳು. ಫೈಲಿನ ಚೀಲ ಬಾಗಿಲಲ್ಲೇ ಇಟ್ಟು ಗೋಡೆಗೆ ಒರಗಿ ಕೂತಳು. ಸೊಸೆ ಕೇಳಲು ಹೋದವಳನ್ನು ಕಣ್ಣಿನಲ್ಲೇ ತಡೆದು ಒಂದು ಲೋಟ ನೀರು ಕೊಟ್ಟೆ. ಕುಡಿದಳು. ಇನ್ನೊಂದು ಕೊಟ್ಟೆ.

"ಪಡಸಾಲೆಯಲ್ಲಿ ಒಬ್ಬ ಹೆಂಗಸು ಬೈದ್ಲು ಅಜ್ಜಿ. ಆರೋಪಿಯ ತಾಯಿ. ಎಲ್ಲರ ಮುಂದೆ."

"ಏನಂದ್ಲು?"

"ನಿನ್ನ ನಾಲಿಗೆಗೆ ಹುಳ ಬೀಳ್ಲಿ ಅಂದ್ಲು."

"ನೀನೇನಂದೆ?"

"ಏನೂ ಅನ್ನಲಿಲ್ಲ. ಕೈಯಲ್ಲಿ ಹದಿನೇಳು ಫೈಲಿತ್ತು."

"ಅವಳ ಮಗನದ್ದೂ ಅದರಲ್ಲಿದ್ಯಾ?"

"ಇದೆ. ಅರ್ಧ ಓದಿದೀನಿ. ಹುಡುಗ ಮಾಡಿರೋ ಹಾಗೇ ಕಾಣುತ್ತೆ."

"ಇನ್ನರ್ಧ?"

"ಅಜ್ಜಿ, ಸುಸ್ತಾಗಿದೆ."

"ಗೊತ್ತು. ಊಟ ಮಾಡು, ಆಮೇಲೆ ಓದು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಊಟ ಮಾಡಿ ಚೀಲ ಬಿಚ್ಚಿದಳು. ಈಗ ಓದುತ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪುಟ ತಿರುವುವಾಗಲೆಲ್ಲ ತುಟಿ ಕಚ್ಚುತ್ತಾಳೆ. ಆ ತಾಯಿಯ ಮೇಲೆ ನನಗೆ ಕೋಪ ಬರಲಿಲ್ಲ. ಇನ್ನೊಬ್ಬರ ಬಗ್ಗೆ ಯೋಚನೆ ಹೋಯಿತು.

ಆ ಸಣಕಲು ಮನುಷ್ಯ ಆ ದಿನ ಸಂಜೆ ಮನೆಗೆ ಹೋದಾಗ ಬಾಗಿಲು ತೆರೆದವರು ಯಾರೋ. ಹೆಂಡತಿಯೋ, ತಾಯಿಯೋ. ಮುಖ ನೋಡಿ, ಯಾರು ಏನಂದರು ಎಂದು ಕೇಳಿರಬೇಕು. ಯಾರೋ ಒಬ್ಬ ಹೆಣ್ಣುಮಗಳು, ಹೋಗಲಿ ಬಿಡು ಎಂದಿರಬೇಕು ಅವರು. ಬಾಗಿಲು ತೆರೆದವರು ಕೈಗೆ ಒಂದು ಲೋಟ ನೀರು ಕೊಟ್ಟಿರಬೇಕು. ಅವರಿಗೆ ಈಗ ಹೇಳೋಣ ಎಂದರೆ ಆಗದು. ಅದಕ್ಕೇ ಇಲ್ಲಿ ಬರೆಯುತ್ತೇನೆ.

ಆ ನೀರು ಕೊಟ್ಟವರ ಹೊಟ್ಟೆ ತಣ್ಣಗಿರಲಿ.